ದೆವ್ವವೂ ಪತ್ತೇದಾರನೂ ಕಲಿಸುವ ಓದು

ತಾಳವಾಡಿ ಬೆಟ್ಟಸೀಮೆಯ ಮಕ್ಕಳಿಗೆ ಕತ್ತಲೆ ಹೊಸದಲ್ಲ. ಸುತ್ತಲಿನ ಸತ್ಯಮಂಗಲ ಅರಣ್ಯ 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 27 ತಿರುವುಗಳ ದಿಂಬಂ ಘಾಟಿಯಲ್ಲಿ ವನ್ಯಜೀವಿಗಳ ರಕ್ಷಣೆಗಾಗಿ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಹೊಲದಂಚಿಗೆ ಆನೆ ಬಂದ ಸುದ್ದಿ ಇಲ್ಲಿ ವಾರದ ಮಾತು. ನಿಜವಾದ ಭಯ ಇಷ್ಟು ಸಮೀಪದಲ್ಲಿದ್ದರೂ ಮಕ್ಕಳು ಅಜ್ಜಿಯನ್ನು ಕಾಡಿ ಬೇಡುವುದು ದೆವ್ವದ ಕಥೆಯನ್ನೇ. ಕಾರಣ ಸರಳವಾದುದು. ಆನೆ ಯಾವಾಗ ಬರುವುದೋ, ಯಾವಾಗ ಹೋಗುವುದೋ ಯಾರೂ ಹೇಳಲಾರರು. ಕಥೆಯ ದೆವ್ವವಾದರೋ ಕಥೆ ಮುಗಿಯುವ ಹೊತ್ತಿಗೆ ತೊಲಗಲೇಬೇಕು. ಅಂತ್ಯವುಳ್ಳ ಭಯವನ್ನು ಮಗು ಧೈರ್ಯವಾಗಿ ಅನುಭವಿಸುತ್ತದೆ.

ಇಂಥ ಕಥೆಗಳಿಗೆ ಈ ಸೀಮೆಯಲ್ಲಿ ಬೇರುಗಳಿವೆ. ಕಂಸಾಳೆ ಹಿಡಿದು ಹಾಡುವ ದೇವರಗುಡ್ಡರ ಕಾವ್ಯದಲ್ಲಿ ಮಾದಪ್ಪನು ಕ್ರೂರಿಯಾದ ಶ್ರವಣನನ್ನು ಗೆಲ್ಲುವುದು ತೋಳ್ಬಲದಿಂದಲ್ಲ, ಉಪಾಯದಿಂದ. ಭಯಂಕರನಾದ ವೈರಿ, ಅದಕ್ಕಿಂತ ಚುರುಕಾದ ಬುದ್ಧಿ: ಈ ಜೋಡಿಯನ್ನು ಕೇಳಿ ಬೆಳೆದ ಕಿವಿಗೆ ಬೇತಾಳನೂ ಪತ್ತೇದಾರನೂ ದೂರದವರಾಗುವುದಿಲ್ಲ.

ಬೇತಾಳನನ್ನು ಮನೆಮನೆಗೆ ತಂದದ್ದು ‘ಚಂದಮಾಮ’. 1947ರಲ್ಲಿ ಮದರಾಸಿನಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಹುಟ್ಟಿದ ಈ ಮಾಸಪತ್ರಿಕೆ ಅನಂತರ ಕನ್ನಡದಲ್ಲಿಯೂ ಬಂದಿತು. ಹೆಗಲಮೇಲೆ ಶವ, ಕೈಯಲ್ಲಿ ಕತ್ತಿ, ಸುತ್ತಲೂ ಸ್ಮಶಾನ. ಮೂರು ತಲೆಮಾರಿನ ಮಕ್ಕಳು ಮರೆಯದ ಆ ಚಿತ್ರವನ್ನು ಬರೆದ ಶಂಕರ್, ಅಂದರೆ ಕೆ. ಸಿ. ಶಿವಶಂಕರನ್, 1924ರಲ್ಲಿ ಜನಿಸಿದ್ದು ಇದೇ ಈರೋಡು ಸೀಮೆಯ ಧಾರಾಪುರದ ಬಳಿಯ ಹಳ್ಳಿಯಲ್ಲಿ. 2020ರಲ್ಲಿ ಅವರು ತೀರಿಕೊಂಡ ಬಳಿಕ ಪದ್ಮಶ್ರೀ ಪ್ರಶಸ್ತಿ ಸಂದಿತು.

ಬೇತಾಳ ಬರಿದೇ ಹೆದರಿಸುವ ಪಿಶಾಚಿಯಲ್ಲ. ಅವನು ಒಂದು ಪ್ರಕರಣವನ್ನು ಮುಂದಿಟ್ಟು ತೀರ್ಪು ಕೇಳುತ್ತಾನೆ. ಉತ್ತರ ತಿಳಿದೂ ಸುಮ್ಮನಿದ್ದರೆ ರಾಜನ ತಲೆ ಸಿಡಿಯುವುದು. ಬಾಯಿ ಬಿಟ್ಟರೆ ಶವ ಮರಳಿ ಮರಕ್ಕೆ. ದೆವ್ವದ ಕಥೆಯೂ ವಿಚಾರಣೆಯ ಕಥೆಯೂ ಒಂದೇ ಹೆಗಲಮೇಲೆ ಸಾಗಿದ ಉದಾಹರಣೆ ಇದು.

ಅಕ್ಷರಕ್ಕೂ ದೆವ್ವಕ್ಕೂ ಇರುವ ನಂಟನ್ನು ಇನ್ನೊಂದು ವದಂತಿ ಹೇಳುತ್ತದೆ. 1990ರ ದಶಕದಲ್ಲಿ ಕರ್ನಾಟಕದ ಊರುಗಳಲ್ಲಿ ರಾತ್ರಿ ದೆವ್ವವೊಂದು ಬಾಗಿಲು ತಟ್ಟಿ, ಮನೆಯವರ ದನಿಯಲ್ಲಿಯೇ ಕರೆಯುವುದೆಂಬ ಮಾತು ಹಬ್ಬಿತು. ಜನರು ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದರು. ಪ್ರತಿರಾತ್ರಿಯೂ ದೆವ್ವ ಅದನ್ನು ಓದಿ ಹಿಂದಿರುಗಬೇಕು! ಕನ್ನಡ ಓದಬಲ್ಲ ದೆವ್ವವನ್ನು ಎರಡು ಪದಗಳಿಂದ ಓಡಿಸಬಹುದೆಂಬ ಈ ಕಲ್ಪನೆಯನ್ನು ಕೇಳಿ ನಗದ ಮಗುವಿಲ್ಲ. ಭಯವು ನಗೆಯಾಗಿ ತಿರುಗುವ ಆ ಕ್ಷಣವೇ ದೆವ್ವದ ಕಥೆಯ ಸಾರ್ಥಕತೆ.

ಇದು ನಮ್ಮ ನಾಡಿಗೆ ಮಾತ್ರ ಸೀಮಿತವಾದ ಸಂಗತಿಯಲ್ಲ. ದೇವರು ದೆವ್ವಗಳಿಗೆ ಅಧಿಕೃತವಾಗಿ ಎಡೆಯಿಲ್ಲದಿದ್ದ ಸೋವಿಯತ್ ಒಕ್ಕೂಟದಲ್ಲಿ ಕೂಡ ಬೇಸಗೆ ಶಿಬಿರಗಳ ಮಕ್ಕಳು ದೀಪ ಆರಿದ ಮೇಲೆ ಕಪ್ಪು ಕೈ, ಕೆಂಪು ಕಲೆ, ಗಾಲಿಯ ಮೇಲಿನ ಶವಪೆಟ್ಟಿಗೆಗಳ ಕಥೆಗಳನ್ನು ಪಿಸುಗುಟ್ಟುತ್ತಿದ್ದರು. ಕಥೆಯ ಹಂದರ ಒಂದೇ: ತಾಯಿ ಬೇಡವೆಂದ ವಸ್ತುವನ್ನು ಹುಡುಗಿ ಮನೆಗೆ ತರುತ್ತಾಳೆ, ಮನೆಯವರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಾರೆ, ಎಷ್ಟೋ ಕಥೆಗಳಲ್ಲಿ ಕೊನೆಗೆ ಪೊಲೀಸರು ಬಂದು ಗುಟ್ಟನ್ನು ಬಯಲಿಗೆಳೆಯುತ್ತಾರೆ. ಹೀಗೆ ದೆವ್ವದ ಕಥೆ ಮಕ್ಕಳ ಬಾಯಲ್ಲಿಯೇ ಪತ್ತೇದಾರಿ ಕಥೆಯಾಗಿ ಮುಗಿಯುತ್ತಿತ್ತು. ಚೆಬುರಾಷ್ಕಾ ಎಂಬ ಮುದ್ದು ಪ್ರಾಣಿಯನ್ನು ಸೃಷ್ಟಿಸಿದ ಎದುವಾರ್ದ್ ಉಸ್ಪೆನ್ಸ್ಕಿ ಇಂಥ ಕಥೆಗಳನ್ನು ಮಕ್ಕಳಿಂದಲೇ ಸಂಗ್ರಹಿಸಿ, 1990ರಲ್ಲಿ ‘ಕೆಂಪು ಕೈ, ಕಪ್ಪು ಹಾಸು, ಹಸಿರು ಬೆರಳುಗಳು’ ಎಂಬ ಕಿರುಕಾದಂಬರಿಯನ್ನು ರಚಿಸಿದರು. ಅದರಲ್ಲಿ ದೆವ್ವಗಳ ಬೆನ್ನುಹತ್ತುವವನು ಒಬ್ಬ ತರುಣ ತನಿಖಾಧಿಕಾರಿ.

ದೊಡ್ಡವರ ಪತ್ತೇದಾರಿ ಸಾಹಿತ್ಯಕ್ಕೂ ಅಲ್ಲಿ ಅಪಾರ ಹಸಿವಿತ್ತು. ಯೂಲಿಯನ್ ಸೆಮ್ಯೋನವ್ ಅವರ ‘ವಸಂತದ ಹದಿನೇಳು ಕ್ಷಣಗಳು’ 1973ರಲ್ಲಿ 12 ಕಂತುಗಳ ದೂರದರ್ಶನ ಚಿತ್ರವಾಗಿ ಜನರನ್ನು ಮನೆಯಲ್ಲಿಯೇ ಹಿಡಿದಿಟ್ಟಿತು. ವೈನರ್ ಸಹೋದರರ ಕಾದಂಬರಿಯನ್ನು ಆಧರಿಸಿದ 1979ರ ಚಿತ್ರವೊಂದರಲ್ಲಿ ಪೊಲೀಸ್ ಅಧಿಕಾರಿ ಝೆಗ್ಲೋವ್ ಜೇಬುಗಳ್ಳನನ್ನು ಹಿಡಿಯಲು ತಾನೇ ಅವನ ಜೇಬಿಗೆ ಪರ್ಸ್ ಇಡುತ್ತಾನೆ. ಕಿರಿಯ ಸಹೋದ್ಯೋಗಿ ಶರಾಪೋವ್ ಇದು ಅನ್ಯಾಯವೆಂದು ಪ್ರತಿಭಟಿಸುತ್ತಾನೆ. ಕಳ್ಳನು ಕಳ್ಳನೇ ಹೌದು. ಆದರೆ ಸುಳ್ಳು ಸಾಕ್ಷಿ ಸರಿಯೆ? ಬೇತಾಳನು ಕೇಳಬಹುದಾಗಿದ್ದ ಪ್ರಶ್ನೆಯೇ ಇದು.

ಅಲ್ಲಿ ಜನಪ್ರಿಯ ಪುಸ್ತಕಗಳ ಕೊರತೆ ಎಷ್ಟಿತ್ತೆಂದರೆ, 1974ರಿಂದ 20 ಕಿಲೋ ರದ್ದಿ ಕಾಗದವನ್ನು ಒಪ್ಪಿಸಿದವರಿಗೆ ಡ್ಯೂಮಾ, ವಿಲ್ಕಿ ಕಾಲಿನ್ಸ್ ಮುಂತಾದವರ ಕಾದಂಬರಿ ಕೊಳ್ಳುವ ಚೀಟಿ ದೊರೆಯುತ್ತಿತ್ತು. ಕುತೂಹಲ ಕೆರಳಿಸುವ ಒಂದು ಪುಸ್ತಕಕ್ಕಾಗಿ ಜನರು ರದ್ದಿಯ ಹೊರೆ ಹೊತ್ತು ನಡೆದರು.

ಅದೇ ದೇಶದಲ್ಲಿ ಅಚ್ಚಾದ ಮಕ್ಕಳ ಕಥೆಗಳೂ ವಿಜ್ಞಾನದ ಪುಸ್ತಕಗಳೂ ಕನ್ನಡದಲ್ಲಿ ನವಕರ್ನಾಟಕ ಪ್ರಕಾಶನದ ಮೂಲಕ ಕಡಿಮೆ ಬೆಲೆಗೆ ನಮ್ಮವರ ಕೈಸೇರಿದವು. ಪತ್ತೇದಾರಿಗಾಗಿ ಮಾತ್ರ ಕನ್ನಡಿಗರು ಹೊರಗೆ ನೋಡಬೇಕಾಗಿರಲಿಲ್ಲ. ಪ್ರಾಥಮಿಕ ಶಾಲೆಯ ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ, 500ಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ವಿಮರ್ಶಕರು ಇವರಿಗೆ ಹೆಚ್ಚಿನ ಗೌರವ ಕೊಡಲಿಲ್ಲ. ಆದರೆ ಪಠ್ಯದಾಚೆಗೆ ಏನನ್ನೂ ಓದದಿದ್ದ ಸಾವಿರಾರು ಜನರು ಈ ಪುಸ್ತಕಗಳಿಂದಲೇ ಕನ್ನಡದ ಓದುಗರಾದರು.

ತಾಳವಾಡಿಯ ಕುಟುಂಬಗಳಿಗೆ ಈ ಮಾತು ಮುಖ್ಯವಾಗುವುದು ಇಲ್ಲಿಯೇ. 2006ರ ತಮಿಳು ಕಲಿಕಾ ಕಾಯಿದೆಯ ಬಳಿಕ ರಾಜ್ಯದ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳು ಕಡ್ಡಾಯವಾಯಿತು. ಕನ್ನಡ ಮಾಧ್ಯಮದ ಮಗು ಮೂರು ಲಿಪಿಗಳನ್ನು ಹೊರಬೇಕು. ತಮಿಳು ನೆರೆಯ ಭಾಷೆ, ಬದುಕಿನ ಭಾಷೆ. ಅದನ್ನು ಚೆನ್ನಾಗಿ ಕಲಿಯುವುದು ಲಾಭವೇ. ಆದರೆ ಕನ್ನಡವು ಪರೀಕ್ಷೆಗೆ ಮಾತ್ರ ಉಳಿದರೆ, ಪರೀಕ್ಷೆ ಮುಗಿದ ದಿನವೇ ಅದರ ಓದೂ ಮುಗಿಯುತ್ತದೆ. ‘ಚಂದಮಾಮ’ವೂ ನಿಂತುಹೋಗಿದೆ. ಶಾಲೆಯ ಕಪಾಟಿನಲ್ಲಿ ನೀತಿಕಥೆ, ಮಹನೀಯರ ಚರಿತ್ರೆಗಳಷ್ಟೇ ಇದ್ದರೆ ಹನ್ನೆರಡು ವರ್ಷದ ಹುಡುಗನ ಕೈ ಮೊಬೈಲಿನತ್ತ ಹೋಗುವುದು ಸಹಜ. ‘ಮುಂದೇನಾಯಿತು?’ ಎಂಬ ತವಕ ಮಾತ್ರವೇ ಅವನಿಂದ ಒತ್ತಾಯವಿಲ್ಲದೆ ನೂರು ಪುಟ ಓದಿಸಬಲ್ಲುದು.

ದೆವ್ವದ ಕಥೆ ಮೂಢನಂಬಿಕೆಯನ್ನು ಬೆಳೆಸುವುದೆಂಬ ಆತಂಕ ಪಾಲಕರಲ್ಲಿದೆ, ಅದು ನಿರಾಧಾರವಲ್ಲ. ‘ಗುಮ್ಮ ಬರುತ್ತಾನೆ, ಉಣ್ಣು’ ಎಂಬುದು ಕಥೆಯಲ್ಲ, ಬೆದರಿಕೆ. ಬೆದರಿಕೆಗೆ ಅಂತ್ಯವಿಲ್ಲ, ಆದುದರಿಂದ ಅದು ಮಗುವಿನ ನಿದ್ದೆಯನ್ನು ಕೆಡಿಸುತ್ತದೆ. ನಿಜಕ್ಕೂ ಅಂಜುವ ಎಳೆಯ ಮಗುವಿಗೆ ಇಂಥ ಕಥೆಯನ್ನು ಒತ್ತಾಯದಿಂದ ಹೇಳಲೂಬಾರದು. ಇನ್ನು ನಂಬಿಕೆಯ ಪ್ರಶ್ನೆಗೆ ಪತ್ತೇದಾರನೇ ಮದ್ದು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿಯನ್ನೇ ರಚಿಸಿದ್ದರು. ಮನೆಯಲ್ಲಿಯೂ ಅದೇ ಕ್ರಮ ಸಲ್ಲುತ್ತದೆ. ಕೊಳ್ಳಿದೆವ್ವದ ಕಥೆ ಮುಗಿದ ಮೇಲೆ ಕೇಳಬೇಕು: ಬೆಳಕನ್ನು ಕಂಡವರು ಯಾರು? ಎಷ್ಟು ದೂರದಿಂದ? ಬೇರೆ ಯಾರಾದರೂ ಕಂಡರೆ? ಮಗು ತಾನೇ ತನಿಖೆ ನಡೆಸಲಿ.

ಇದಕ್ಕೆ ಹಣ ಹೆಚ್ಚು ಬೇಡ. ವಾರಕ್ಕೊಮ್ಮೆ ತಂದೆಯೋ ತಾಯಿಯೋ ಅಕ್ಕನೋ ಒಂದು ರೋಚಕ ಕಥೆಯನ್ನು ಗಟ್ಟಿಯಾಗಿ ಓದಿ, ಗುಟ್ಟು ಬಯಲಾಗುವ ಪುಟಕ್ಕೆ ಮುಂಚೆ ಪುಸ್ತಕವನ್ನು ಮಗುವಿನ ಕೈಗಿತ್ತರೆ ಸಾಕು, ಉಳಿದುದನ್ನು ಅದೇ ಓದಿಕೊಳ್ಳುತ್ತದೆ. ಓದು ಬಾರದ ಅಜ್ಜಿಯ ಬಾಯಲ್ಲಿರುವ ಕಥೆಗಳನ್ನು ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಅಜ್ಜಿಯ ಕನ್ನಡದಲ್ಲಿಯೇ ಬರೆಯಲಿ. ಚಾಮರಾಜನಗರಕ್ಕೆ ಸಂತೆಗೋ ಮದುವೆಗೋ ಹೋದವರು ಹಿಂದಿರುಗುವಾಗ ಒಂದು ಪತ್ತೇದಾರಿ ಕಾದಂಬರಿಯನ್ನು ತಂದು ಶಾಲೆಗೆ ಕೊಡಲಿ. ಹಳೆಯದಾದರೂ ಆದೀತು, ಕೊನೆಯ ಪುಟ ಹರಿದಿರಬಾರದು, ಅಷ್ಟೇ.