ಚಿಟ್ಟೆಮೀನಿಗೆ ಮೊದಲ ತುತ್ತು

ಕಾಪರ್‌ಬ್ಯಾಂಡ್ ಚಿಟ್ಟೆಮೀನು ಮೇಯುವುದನ್ನು ನೋಡಬೇಕಾದರೆ ತೊಟ್ಟಿಯ ಮುಂದೆ ಸ್ವಲ್ಪ ಹೊತ್ತು ಕೂರಬೇಕು. ಬೇರೆ ಮೀನುಗಳು ಆಹಾರ ಬಿದ್ದೊಡನೆ ನುಗ್ಗಿ ಬಾಯಿಗೆ ಸಿಕ್ಕಿದ್ದನ್ನು ನುಂಗುತ್ತವೆ. ಇದು ಕಲ್ಲಿನ ಒಂದು ಸಂದಿಯ ಎದುರು ನಿಲ್ಲುತ್ತದೆ. ಒಂದು ಕಣ್ಣಿನಿಂದ ನೋಡುತ್ತದೆ, ಒಂಚೂರು ಹಿಂದೆ ಸರಿದು ಮೈ ವಾಲಿಸಿ ಇನ್ನೊಂದು ಕಣ್ಣಿನಿಂದ ನೋಡುತ್ತದೆ. ಆಮೇಲೆ ಅಕ್ಕಸಾಲಿಗನ ಚಿಮುಟದಂಥ ಆ ಉದ್ದ ಮೂತಿಯನ್ನು ಸಂದಿಯೊಳಗೆ ಇಳಿಸುತ್ತದೆ. ಮೂತಿ ಹೊರಬರುವಾಗ ಅದರ ತುದಿಯಲ್ಲಿ ಒಂದು ಹುಳು ಇರುತ್ತದೆ, ಇಲ್ಲವೇ ಏನೂ ಇರುವುದಿಲ್ಲ. ಏನೂ ಸಿಗದಿದ್ದರೆ ಪಕ್ಕದ ಸಂದಿ. ಬೆಳಗಿನಿಂದ ಸಂಜೆಯವರೆಗೆ ಇದೇ ಕೆಲಸ.

ಬಿಳಿ ಮೈಯ ಮೇಲೆ ಬೆನ್ನಿನಿಂದ ಹೊಟ್ಟೆಗೆ ಇಳಿದ ತಾಮ್ರಗಿತ್ತಳೆ ಪಟ್ಟೆಗಳು. ಮುಂದಿನ ಪಟ್ಟೆ ಕಣ್ಣಿನ ಮೇಲೇ ಹಾದುಹೋಗಿ ನಿಜವಾದ ಕಣ್ಣನ್ನು ಮರೆಸುತ್ತದೆ. ಹಿಂಬದಿಯಲ್ಲಿ, ಬೆನ್ನಿನ ರೆಕ್ಕೆಯ ಮೇಲೆ, ದೊಡ್ಡದೊಂದು ಕಪ್ಪು ಬೊಟ್ಟು ಕಣ್ಣಿನಂತೆ ಕಾಣುತ್ತದೆ. ಬೇಟೆಗೆ ಬಂದ ಮೀನಿಗೆ ತಲೆ ಯಾವ ಕಡೆ, ಬಾಲ ಯಾವ ಕಡೆ ಎಂದು ತಿಳಿಯದಿರಲಿ ಎಂಬುದು ಈ ವೇಷಕ್ಕೆ ಬಹುಕಾಲದಿಂದ ಕೊಡುತ್ತಿರುವ ವಿವರಣೆ. ಅಂಡಮಾನ್ ಸಮುದ್ರದಿಂದ ಜಪಾನಿನ ರ‍್ಯೂಕ್ಯೂ ದ್ವೀಪಗಳವರೆಗೆ, ತೆಂಕಣಕ್ಕೆ ಆಸ್ಟ್ರೇಲಿಯದವರೆಗೆ ಇದರ ವಾಸ. 1758ರಲ್ಲಿ ಲಿನಿಯಸ್ ಇದನ್ನು ವರ್ಣಿಸಿ ಹೆಸರಿಟ್ಟ. 1764ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ವರದಿ ಬಂತು: ಬಟೇವಿಯಾದಲ್ಲಿ, ಎಂದರೆ ಇಂದಿನ ಜಕಾರ್ತದಲ್ಲಿ, ಬಾಯಿಂದ ನೀರು ಚಿಮ್ಮಿಸಿ ದಡದ ಗಿಡಗಳ ಮೇಲಿನ ಹುಳಗಳನ್ನು ಬೀಳಿಸುವ ಮೀನು ಇದೆ ಎಂದು. ಜೊತೆಗೆ ಕಳಿಸಿದ ಮಾದರಿ ಮಾತ್ರ ಈ ಉದ್ದಮೂತಿಯ ಚಿಟ್ಟೆಮೀನು. ನೀರು ಚಿಮ್ಮಿಸುವುದು ಆರ್ಚರ್ ಫಿಶ್ ಎಂಬ ಬೇರೆಯೇ ಮೀನು. ಮೂತಿಯ ಆಕಾರ ನೋಡಿದವರಿಗೆ ಪಿಚಕಾರಿಯ ಕೆಲಸ ಇದಕ್ಕೇ ಒಪ್ಪುತ್ತದೆ ಅನ್ನಿಸಿದ್ದರೆ ಅಚ್ಚರಿಯಿಲ್ಲ. ಆದರೆ ಈ ಮೂತಿ ಇರುವುದು ಸಂದಿಗಾಗಿ. ಇದನ್ನು ಮನೆಯ ತೊಟ್ಟಿಯಲ್ಲಿ ಬದುಕಿಸುವವರ ವಿದ್ಯೆಯೆಲ್ಲ ಆ ಮೂತಿಗೆ ಏನು ಬೇಕು, ಹೇಗೆ ಬೇಕು ಎಂದು ತಿಳಿಯುವುದರಲ್ಲಿದೆ.

ಆ ವಿದ್ಯೆಯ ಮೊದಲ ಪಾಠ, ಯಾವುದನ್ನು ತರಬಾರದು ಎಂಬುದು. ಚಿಟ್ಟೆಮೀನುಗಳ ಕುಟುಂಬದಲ್ಲಿ ಸುಮಾರು 130 ಜಾತಿಗಳಿವೆ. ಹವಳ ತಿನ್ನುವ ಮೀನುಗಳ ಕುರಿತು 2008ರಲ್ಲಿ ಬಂದ ಒಂದು ಸಮೀಕ್ಷೆ 128 ಜಾತಿಗಳನ್ನು ಲೆಕ್ಕ ಹಾಕಿತು. ಅವುಗಳಲ್ಲಿ 69 ಚಿಟ್ಟೆಮೀನುಗಳು. ಕೆಲವು ಆಗೊಮ್ಮೆ ಈಗೊಮ್ಮೆ ಹವಳ ಕಚ್ಚುವಂಥವು. ಇನ್ನು ಕೆಲವಕ್ಕೆ ಜೀವಂತ ಹವಳ ಬಿಟ್ಟು ಬೇರೆ ಊಟವೇ ಇಲ್ಲ. ಷೆವ್ರಾನ್ ಚಿಟ್ಟೆಮೀನು ಮೇಜಿನಂತೆ ಹರಡಿ ಬೆಳೆಯುವ ಅಕ್ರೋಪೊರಾ ಹವಳವೊಂದನ್ನು ತನ್ನದಾಗಿಸಿಕೊಂಡು, ಅದನ್ನೇ ಮೇಯುತ್ತ, ಅದಕ್ಕಾಗಿ ಇತರರೊಡನೆ ಜಗಳವಾಡುತ್ತ ಆಯುಷ್ಯ ಕಳೆಯುತ್ತದೆ. ಮೇಯರ್, ಆರ್ನೇಟ್, ಬ್ಯಾರನೆಸ್, ಎಂಟು ಪಟ್ಟೆಯ ಚಿಟ್ಟೆಮೀನು, ನಮ್ಮ ಲಕ್ಷದ್ವೀಪದ ಹವಳಗಳಲ್ಲೂ ಕಾಣುವ ಮೆಲನ್ ಚಿಟ್ಟೆಮೀನು, ಇವೆಲ್ಲ ಇದೇ ಗುಂಪಿನವು. ಅಂಗಡಿಯ ಗಾಜಿನ ಹಿಂದೆ ಇವಕ್ಕಿಂತ ಚೆಲುವಾದದ್ದು ಸಿಗುವುದು ಕಷ್ಟ. ಮನೆಗೆ ತಂದರೆ ಮುಂದೆ ಹಾಕಿದ ಸಿಗಡಿಯನ್ನು ನೋಡಿಯೂ ನೋಡದಂತೆ ಅಲೆದಾಡಿ, ಕೆಲವು ವಾರಗಳಲ್ಲಿ ಕರಗಿಹೋಗುತ್ತವೆ. ಪರಿಣತರು ಇವುಗಳ ಮುಂದೆ ನಿಂತು ಕಣ್ತುಂಬ ನೋಡಿ ಮುಂದೆ ನಡೆಯುತ್ತಾರೆ. ಈ ಸಂಯಮಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ. ಹವಳವನ್ನೇ ನೆಚ್ಚಿದ ಈ ಮೀನುಗಳು ಹವಳ ಸತ್ತಲ್ಲಿ ತಾವೂ ಕಾಣೆಯಾಗುತ್ತವೆ. ಅದಕ್ಕೇ ಹವಾಯಿಯ ವಿಜ್ಞಾನಿ ಅರ್ನ್ಸ್ಟ್ ರೀಸ್, ಹವಳದಿಬ್ಬದ ಆರೋಗ್ಯವನ್ನು ಚಿಟ್ಟೆಮೀನುಗಳನ್ನು ಎಣಿಸಿ ಅಳೆಯಬಹುದು ಎಂದು ಸೂಚಿಸಿದ್ದರು.

ಸುಲಭದವೂ ಇವೆ. ಪಿರಮಿಡ್ ಚಿಟ್ಟೆಮೀನು ಮತ್ತು ಗುಂಪಾಗಿ ಈಜುವ ಬ್ಯಾನರ್ ಫಿಶ್ ತೆರೆದ ನೀರಿನಲ್ಲಿ ತೇಲಿಬರುವ ಸಣ್ಣ ಜೀವಿಗಳನ್ನು ಹಿಡಿದು ತಿನ್ನುವಂಥವು. ಹವಳದ ತಂಟೆಗೆ ಹೋಗುವುದು ಕಡಿಮೆ. ತೊಟ್ಟಿ ದೊಡ್ಡದಿದ್ದರೆ ಇವನ್ನು ಮೂರು ನಾಲ್ಕು ಒಟ್ಟಿಗೆ ಇಡಬಹುದು. ಕಾಪರ್‌ಬ್ಯಾಂಡ್ ಈ ಎರಡರ ನಡುವಿನದು. ಅದರ ಊಟ ಹುಳು, ಚಿಪ್ಪಿನ ಜೀವಿ, ಸಣ್ಣ ಸಿಗಡಿ. ತೊಟ್ಟಿಯಲ್ಲಿ ಅದು ಬದುಕಬಲ್ಲದು, ಆದರೆ ಬದುಕಿಸಲು ತಿಳಿದಿರಬೇಕು.

ನೀರಿನ ವಿಷಯ ಮೊದಲು ಮುಗಿಸುತ್ತೇನೆ. ಉಪ್ಪಿನಂಶ ಸಾವಿರಕ್ಕೆ 35 ಭಾಗ, ಉಷ್ಣತೆ 24ರಿಂದ 26 ಡಿಗ್ರಿ, ಪಿಎಚ್ 8.1ರಿಂದ 8.4, ಅಮೋನಿಯಾ ಸೊನ್ನೆ. ಹವಳ ಎಲುಬುಗೂಡು ಕಟ್ಟಲು ಲೀಟರಿಗೆ 400ರಿಂದ 450 ಮಿಲಿಗ್ರಾಂ ಕ್ಯಾಲ್ಸಿಯಂ. ಬೆಂಗಳೂರಿನ ಬೋರ್‌ವೆಲ್ ನೀರನ್ನು ನೇರವಾಗಿ ಬಳಸುವಂತಿಲ್ಲ. ಆರ್‌ಒ ಯಂತ್ರ, ಅದರ ಮೇಲೊಂದು ಡಿಐ ರಾಳದ ಕೊಳವೆ ದಾಟಿ ಬಂದ ನೀರಿಗೆ ಕಡಲುಪ್ಪಿನ ಮಿಶ್ರಣ ಬೆರೆಸುತ್ತಾರೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ದಿನವೂ ಕಡಿಮೆಯಾದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು. ಬೇಸಿಗೆಗೆ ಚಿಲ್ಲರ್ ಬೇಕು, ಮಂಗಳೂರಿನ ಸೆಕೆಯಲ್ಲಂತೂ ವರ್ಷದ ಹೆಚ್ಚು ದಿನ ಬೇಕು. ಕರೆಂಟು ಹೋದಾಗ ಅಪಾಯ ಬರುವುದು ನೀರಿನ ಆಮ್ಲಜನಕ ಇಳಿಯುವುದರಿಂದ. ಬ್ಯಾಟರಿಯಲ್ಲಿ ನಡೆಯುವ ಗಾಳಿಪಂಪು ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು.

ಆದರೆ ಚಿಟ್ಟೆಮೀನಿಗೆ ಶುದ್ಧ ನೀರೊಂದೇ ಸಾಲದು, ತೊಟ್ಟಿ ಹಳತಾಗಿರಬೇಕು. ಜಕಾರ್ತದ ಲೀ ಚಿನ್ ಎಂಗ್ 1961ರಲ್ಲಿ ಅಮೆರಿಕದ ಮೀನುಸಾಕಣೆಯ ಪತ್ರಿಕೆಯೊಂದರಲ್ಲಿ ತಮ್ಮ ವಿಧಾನವನ್ನು ಬರೆದಾಗ ಹಲವರಿಗೆ ನಂಬಲಾಗಲಿಲ್ಲ. ದೊಡ್ಡ ಶೋಧಕ ಯಂತ್ರವಿಲ್ಲ. ಕಡಲಿನಿಂದ ತಂದ ಜೀವಂತ ಕಲ್ಲು, ಬಿಸಿಲು, ಗಾಳಿಗುಳ್ಳೆಗಳು, ಅಷ್ಟೇ. ಕಲ್ಲಿನ ರಂಧ್ರಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳೇ ಮೀನಿನ ಹೊಲಸನ್ನು ಅರಗಿಸುತ್ತಿದ್ದವು. ಮುಂದೆ ಬರ್ಲಿನ್ನಿನ ಹವ್ಯಾಸಿಗಳು ಇದೇ ಕಲ್ಲಿಗೆ, ಹೊಲಸನ್ನು ನೊರೆಯಾಗಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಮತ್ತು ಬಲವಾದ ದೀಪ ಸೇರಿಸಿದರು. ಅವರಲ್ಲೊಬ್ಬರಾದ ಡೀಟ್ರಿಶ್ ಸ್ಟ್ಯೂಬರ್ ಬೆಳೆಸಿದ ಅಕ್ರೋಪೊರಾದ ತುಂಡುಗಳು ಕೈಯಿಂದ ಕೈಗೆ ದಾಟಿ ಎಷ್ಟೋ ಮನೆಗಳ ತೊಟ್ಟಿ ಸೇರಿದವು. ನಮ್ಮ ಕಡಲಿನ ಹವಳವನ್ನು ಮಾತ್ರ ಯಾರೂ ಕೀಳುವಂತಿಲ್ಲ. 2001ರಿಂದ ಗಟ್ಟಿ ಹವಳ, ಕರಿ ಹವಳ, ಕಡಲಬೀಸಣಿಗೆಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದ ಸುತ್ತ ಮುಳುಗಿ ನೋಡಿದ್ದು ಅಲ್ಲೇ ಇರಬೇಕು. ಒಂದು ಸತ್ತ ಹವಳದ ತುಂಡೂ ಮನೆಗೆ ಬರಬಾರದು. ಇಲ್ಲಿನವರು ಸೆರಾಮಿಕ್ ಕಲ್ಲಿನಿಂದ ಶುರುಮಾಡಿ, ಅದಕ್ಕೆ ಜೀವ ಬರುವುದನ್ನು ಕಾಯುತ್ತಾರೆ. ಬ್ಯಾಕ್ಟೀರಿಯಾ ಒಂದೆರಡು ತಿಂಗಳಲ್ಲಿ ನೆಲೆಯೂರುತ್ತವೆ. ಕೋಪೆಪಾಡ್, ಸಣ್ಣ ಹುಳು, ಸಂದಿಯ ಸಿಗಡಿಗಳು ಚಿಟ್ಟೆಮೀನು ಮೇಯುವಷ್ಟು ಹೆಚ್ಚಲು ವರ್ಷವಾದರೂ ಬೇಕು. ಆ ವರ್ಷವನ್ನು ಕಾಯದೆ ತಂದ ಮೀನಿಗೆ ಎರಡು ಊಟಗಳ ನಡುವೆ ಮೇಯಲು ಏನೂ ಇರುವುದಿಲ್ಲ. ತೊಟ್ಟಿ ಕನಿಷ್ಠ 400 ಲೀಟರಿನದಾಗಿರಲಿ.

ಅಂಗಡಿಯಲ್ಲಿ ಮೀನನ್ನು ಪಕ್ಕದಿಂದಲ್ಲ, ಎದುರಿನಿಂದ ನೋಡಬೇಕು. ಪಕ್ಕದಿಂದ ಎಲ್ಲ ಚಿಟ್ಟೆಮೀನೂ ತಟ್ಟೆಯಗಲ ತುಂಬಿಕೊಂಡೇ ಕಾಣುತ್ತದೆ. ಎದುರಿನಿಂದ ನೋಡಿದಾಗ ಕಣ್ಣಿನ ಮೇಲ್ಭಾಗ, ನೆತ್ತಿಯ ಹಿಂದಿನ ಮಾಂಸ ಒಳಗೆ ಕುಸಿದಿದ್ದರೆ ಆ ಮೀನು ಬಹಳ ದಿನದಿಂದ ಉಪವಾಸವಿದೆ. ಮೂತಿಯ ತುದಿ ಕೆಂಪಾಗಿದ್ದರೆ ಸಾಗಣೆಯ ಚೀಲಕ್ಕೆ ತಿವಿದುಕೊಂಡಿದೆ. ಇಂಡೊನೇಷ್ಯಾ, ಫಿಲಿಪ್ಪೀನ್ಸ್‌ಗಳಲ್ಲಿ ಸೈನೈಡ್ ಚಿಮುಕಿಸಿ ಮೀನು ಹಿಡಿಯುವ ಕೆಟ್ಟ ರೂಢಿ ಇತ್ತು, ಪೂರ್ತಿ ಹೋಗಿಯೂ ಇಲ್ಲ. ಹಾಗೆ ಹಿಡಿದದ್ದು ಹೊರಗೆ ಚೆನ್ನಾಗಿ ಕಂಡು ಒಳಗೆ ಕೆಟ್ಟಿರಬಹುದು. ಬಲೆಯಲ್ಲಿ ಹಿಡಿದದ್ದೆಂದು ತಿಳಿದಿದ್ದರೆ ಹೆಚ್ಚು ಬೆಲೆ ಕೊಟ್ಟರೂ ನಷ್ಟವಿಲ್ಲ. ಮುಂಗಡ ಕೊಟ್ಟು ಎರಡು ವಾರ ಅಂಗಡಿಯಲ್ಲೇ ಬಿಟ್ಟು, ಅದು ಕಣ್ಣೆದುರು ತಿಂದ ಮೇಲೆ ಒಯ್ಯುವವರಿದ್ದಾರೆ. ಅವರನ್ನು ಕಂಡರೆ ನನಗೆ ಗೌರವ.

ಮನೆಗೆ ಬಂದದ್ದು ನೇರ ಹವಳದ ತೊಟ್ಟಿಗೆ ಹೋಗುವುದಿಲ್ಲ. ಬಿಳಿಚುಕ್ಕೆ ರೋಗದ ಪರಾವಲಂಬಿ ಮೀನಿನ ಚರ್ಮದಲ್ಲಿ ಮೂರರಿಂದ ಏಳು ದಿನ ಉಂಡು, ಕಳಚಿ ಬಿದ್ದು, ತಳದಲ್ಲಿ ಗಂಟಾಗಿ ಅಂಟಿಕೊಂಡು, ಆಮೇಲೆ ಒಡೆದು ನೂರಾರು ಮರಿಗಳನ್ನು ನೀರಿಗೆ ಬಿಡುತ್ತದೆ. ತಾಮ್ರದ ಔಷಧ ಇದನ್ನು ಕೊಲ್ಲುತ್ತದೆ, ಆದರೆ ಮೊದಲೇ ಊಟ ಒಲ್ಲೆನೆನ್ನುವ ಚಿಟ್ಟೆಮೀನಿನ ಹಸಿವನ್ನೂ ಅದು ಕೊಲ್ಲಬಹುದು. ಅದಕ್ಕೇ ಅನುಭವಿಗಳು ಮೀನನ್ನು ಮೂರು ದಿನಕ್ಕೊಮ್ಮೆ, 72 ಗಂಟೆ ಮೀರದಂತೆ, ಒಣಗಿಸಿ ತೊಳೆದ ಇನ್ನೊಂದು ತೊಟ್ಟಿಗೆ ದಾಟಿಸುತ್ತಾರೆ. ಕಳಚಿ ಬಿದ್ದ ಗಂಟುಗಳು ಒಡೆಯುವ ಮೊದಲೇ ಮೀನು ಅಲ್ಲಿಂದ ಹೋಗಿರುತ್ತದೆ. ಹೀಗೆ ನಾಲ್ಕು ಸಲ ದಾಟಿಸಿದರೆ ಒಂದು ಹನಿ ಔಷಧವಿಲ್ಲದೆ ರೋಗದ ಸರಪಳಿ ಕಡಿಯುತ್ತದೆ. ಶತ್ರುವಿನ ಕಾಲಮಾನ ಅರಿತು ಗೆಲ್ಲುವ ಈ ಉಪಾಯಕ್ಕಿಂತ ಸೊಗಸಾದದ್ದು ಈ ಕಸುಬಿನಲ್ಲಿ ನಾನು ಕಂಡಿಲ್ಲ.

ಇನ್ನು ಊಟ. ಹೊಸ ಕಾಪರ್‌ಬ್ಯಾಂಡಿಗೆ ತೇಲಿಬರುವ ತುಂಡು ಆಹಾರವೆಂದು ಗೊತ್ತಿಲ್ಲ. ಕಡಲಿನಲ್ಲಿ ಅದರ ಊಟ ಎಂದೂ ಮೇಲಿನಿಂದ ಬಿದ್ದದ್ದಲ್ಲ. ಹಾಗಾಗಿ ಅದಕ್ಕೆ ಗೊತ್ತಿರುವ ರೂಪದಲ್ಲೇ ಬಡಿಸಬೇಕು: ಒಂದು ಸಂದಿ, ಸಂದಿಯೊಳಗೆ ಅಲುಗುವ ಒಂದು ಜೀವ. ಮೊದಲ ದಿನಗಳಲ್ಲಿ ಜೀವಂತ ಬ್ಲ್ಯಾಕ್‌ವರ್ಮ್ ಹುಳುಗಳನ್ನು ಕಲ್ಲಿನ ತೂತಿನೊಳಗೆ ಪಿಪೆಟ್ಟಿನಿಂದ ಬಿಡುತ್ತಾರೆ. ಸಿಹಿನೀರಿನ ಈ ಹುಳು ಉಪ್ಪುನೀರಿನಲ್ಲಿ ಕೆಲವೇ ನಿಮಿಷ ಹೊರಳಾಡುತ್ತದೆ; ಆ ನಿಮಿಷಗಳೊಳಗೆ ಮೀನಿನ ಕಣ್ಣು ಅದರ ಮೇಲೆ ಬೀಳಬೇಕು. ಹುಳು ಸಿಗದಿದ್ದರೆ ಮರುವಾಯಿ. ಕರಾವಳಿಯ ಮಾರುಕಟ್ಟೆಯಲ್ಲಿ ಸಿಗುವ ಈ ಕಪ್ಪೆಚಿಪ್ಪನ್ನು ತೊಳೆದು, ಚಾಕುವಿನಿಂದ ಬಿಡಿಸಿ, ಮಾಂಸವಿರುವ ಅರ್ಧ ಚಿಪ್ಪನ್ನು ಕಲ್ಲುಗಳ ನಡುವೆ ಒರಗಿಸಿಟ್ಟರೆ ಅದೇ ಒಂದು ಸಂದಿಯಾಗುತ್ತದೆ. ಮೀನು ಬಂದು ನೋಡುತ್ತದೆ. ಹೋಗುತ್ತದೆ. ಮತ್ತೆ ಬರುತ್ತದೆ. ಮೊದಲ ಸಲ ಕುಕ್ಕಿ ಉಗುಳಿಬಿಡಬಹುದು. ಉಗುಳಿದ್ದೂ ಒಳ್ಳೆಯ ಸೂಚನೆಯೇ, ರುಚಿ ನೋಡಿದೆ ಎಂದರ್ಥ. ಎರಡು ಗಂಟೆಯಾದ ಮೇಲೆ ಚಿಪ್ಪನ್ನು ತೆಗೆಯಲೇಬೇಕು, ಇಲ್ಲವಾದರೆ ನೀರು ಕೆಡುತ್ತದೆ.

ಚಿಪ್ಪಿಗೆ ಒಗ್ಗಿದ ಮೀನಿಗೆ ಮುಂದಿನ ಮೆಟ್ಟಿಲು ಹೀಗೆ. ತಿಂದು ಖಾಲಿಮಾಡಿದ ಅದೇ ಚಿಪ್ಪಿಗೆ ಹೆಪ್ಪುಗಟ್ಟಿದ ಮೈಸಿಸ್ ಸಿಗಡಿಯನ್ನು ಕರಗಿಸಿ ಒತ್ತಿ ತುಂಬುತ್ತಾರೆ. ಪರಿಚಿತ ಪಾತ್ರೆ, ಹೊಸ ಅಡುಗೆ. ಅದನ್ನು ಕೀಳುವಾಗ ಒಂದೆರಡು ಸಿಗಡಿ ನೀರಿಗೆ ಹಾರುತ್ತವೆ, ಮೀನು ಬೆನ್ನಟ್ಟಿ ಹಿಡಿಯುತ್ತದೆ. ಅಂದೇ ಅದು ತೇಲುವ ಆಹಾರ ತಿನ್ನಲು ಕಲಿಯಿತು. ಇದಕ್ಕೆ ವಾರ ಹಿಡಿಯಬಹುದು, ತಿಂಗಳೂ ಹಿಡಿಯಬಹುದು. ಸಾಕುವವರು ಈ ದಿನಗಳಲ್ಲಿ ಮೀನಿನ ಕಣ್ಣನ್ನೇ ನೋಡುತ್ತಿರುತ್ತಾರೆ. ಆಹಾರದ ಕಡೆ ಕಣ್ಣು ತಿರುಗಿದರೂ ಬಾಯಿ ಹಾಕದಿದ್ದರೆ ಹಸಿವಿದೆ, ಗುರುತು ಸಿಕ್ಕಿಲ್ಲ, ರೂಪ ಬದಲಿಸಬೇಕು. ಕಣ್ಣೂ ತಿರುಗದಿದ್ದರೆ ರೋಗವೋ ಭಯವೋ ಹುಡುಕಬೇಕು. ಜೊತೆಗಾರರು ಜೋರಿನವರಾದರೆ ಇಷ್ಟೆಲ್ಲ ಮಾಡಿಯೂ ಪ್ರಯೋಜನವಿಲ್ಲ. ಚುರುಕಿನ ಟ್ಯಾಂಗ್ ಮೀನು ಇಡೀ ಚಿಪ್ಪನ್ನು ಬಳಿಯುವಷ್ಟರಲ್ಲಿ ಚಿಟ್ಟೆಮೀನು ಇನ್ನೂ ಎರಡನೇ ಕಣ್ಣಿನಿಂದ ನೋಡುತ್ತಿರುತ್ತದೆ. ಆದ್ದರಿಂದ ತೊಟ್ಟಿಗೆ ಅದು ಮೊದಲು ಬರಲಿ, ಟ್ಯಾಂಗ್ ಆಮೇಲೆ. ದಿನಕ್ಕೆ ಮೂರು ಹೊತ್ತು, ಸ್ವಲ್ಪ ಸ್ವಲ್ಪವೇ ಕೊಡಬೇಕು.

ಹವಳದ ತೊಟ್ಟಿಗೆ ಇದನ್ನು ತರುವವರಲ್ಲಿ ಅನೇಕರ ಉದ್ದೇಶ ಐಪ್ಟೇಸಿಯಾ ಎಂಬ ಗಾಜಿನಂಥ ಕಡಲಹೂವನ್ನು ತೊಲಗಿಸುವುದು. ಈ ಕಳೆ ಎಲ್ಲಿಂದಲೋ ಒಂದು ಕಲ್ಲಿನ ಜೊತೆ ಬಂದು ಸೇರಿ, ಕುಟುಕಿ ಹವಳಗಳನ್ನು ಸಾಯಿಸುತ್ತದೆ. ಕಿತ್ತರೆ ಉಳಿದ ಚೂರಿನಿಂದ ಮತ್ತೆ ಹುಟ್ಟುತ್ತದೆ. ಕಾಪರ್‌ಬ್ಯಾಂಡ್ ಅದನ್ನು ಬುಡಸಮೇತ ತಿನ್ನುತ್ತದೆ, ಎಲ್ಲ ಮೀನೂ ಅಲ್ಲ, ಬಹುತೇಕವು. ಜೊತೆಗೆ ಗರಿಹುಳುಗಳನ್ನೂ ಮುಗಿಸುತ್ತದೆ, ದೊಡ್ಡ ಚಿಪ್ಪಿನ ಟ್ರೈಡಾಕ್ನಾವನ್ನೂ ಮಾಂಸಲ ಹವಳಗಳನ್ನೂ ಕೆಲವೊಮ್ಮೆ ಕುಕ್ಕುತ್ತದೆ. ಅದನ್ನು ಒಪ್ಪಿಕೊಂಡೇ ತರಬೇಕು.

ಕಳೆ ತೀರಿದ ಮೇಲೆ ಮೀನಿನ ಮೆಚ್ಚಿನ ತಿಂಡಿಯೂ ತೀರಿತು. ಆಗ ನುರಿತ ಕೆಲವರು ಮಾಡುವ ಕೆಲಸ ಕೇಳಿದವರಿಗೆ ವಿಚಿತ್ರ ಅನ್ನಿಸಬಹುದು: ಅವರು ಐಪ್ಟೇಸಿಯಾವನ್ನು ಸಾಕತೊಡಗುತ್ತಾರೆ. ಮುಖ್ಯ ತೊಟ್ಟಿಯ ನೀರಿಗೆ ಸಂಪರ್ಕವಿಲ್ಲದ ಸಣ್ಣದೊಂದು ಪ್ಲಾಸ್ಟಿಕ್ ಡಬ್ಬಿ, ಸಾಧಾರಣ ದೀಪ, ಸಣ್ಣ ಗಾಳಿಪಂಪು, ಹತ್ತಾರು ಕಲ್ಲಿನ ಚೂರುಗಳು. ಆಗ ತಾನೇ ಮೊಟ್ಟೆಯೊಡೆದ ಆರ್ಟೀಮಿಯಾ ಸಿಗಡಿಯ ಮರಿಗಳನ್ನು ವಾರಕ್ಕೆರಡು ಸಲ ಹಾಕಿದರೆ ಕಳೆ ತಾನಾಗಿ ಹಬ್ಬುತ್ತದೆ. ಅದು ತುಂಬಿಕೊಂಡ ಒಂದು ಚೂರನ್ನು ತೆಗೆದು ತೊಟ್ಟಿಯ ಮುಂಭಾಗದಲ್ಲಿ, ಮೀನಿಗೆ ಕಾಣುವಂತೆ ಇಡುತ್ತಾರೆ. ಬೋಳಾದ ಚೂರು ತೊಳೆದು ಮತ್ತೆ ಡಬ್ಬಿಗೆ ಹೋಗುತ್ತದೆ. ಊರಿಗೆ ಹೋಗಿ ಬಂದ ವಾರ, ಕಾಯಿಲೆ ಬಿದ್ದು ಮೀನು ಮೈಸಿಸ್ ಬಿಟ್ಟ ವಾರ, ಅದು ಮೊದಲು ಮುಟ್ಟುವುದು ಈ ಚೂರನ್ನೇ.