ತಪ್ಪನ್ನು ತಾನೇ ತಿದ್ದಿಕೊಂಡ ಪುಷ್ಪಕ

2024ರ ಜೂನ್ 23ರ ಬೆಳಿಗ್ಗೆ ಚಳ್ಳಕೆರೆ ಬಳಿಯ ವೈಮಾನಿಕ ಪರೀಕ್ಷಾ ವಲಯದಲ್ಲಿ, ನಾಲ್ಕೂವರೆ ಕಿ.ಮೀ. ಎತ್ತರದಿಂದ ಹೆಲಿಕಾಪ್ಟರೊಂದು ಇಸ್ರೊದ ‘ಪುಷ್ಪಕ್’ ವಾಹನವನ್ನು ಕೈಬಿಟ್ಟಿತು. ಚಾಲಕನಿಲ್ಲ. ಬೇಕೆಂದೇ ರನ್‌ವೇ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟಿದ್ದರು. ಆದರೂ ಅದು ತಾನೇ ದಾರಿ ತಿದ್ದಿಕೊಂಡು ರನ್‌ವೇಯ ನಡುಗೆರೆಗೇ ಇಳಿಯಿತು. ಹೇಗೆ?

ಮೊಳಕಾಲ್ಮುರಿನ ರೇಷ್ಮೆ ನೇಕಾರರನ್ನು ನೋಡಿ. ಸೀರೆಯ ಅಂಚು ಒಳಸರಿದರೆ ಕಣ್ಣು ಗುರುತಿಸುತ್ತದೆ, ಕೈ ಎಳೆಯನ್ನು ಸಡಿಲಿಸುತ್ತದೆ. ಅಳೆಯುವುದು, ಹೋಲಿಸುವುದು, ತಿದ್ದುವುದು: ಇದೇ ಫೀಡ್‌ಬ್ಯಾಕ್. ಪುಷ್ಪಕಕ್ಕೆ ರೇಡಾರ್ ಆಲ್ಟಿಮೀಟರ್, ನಾವಿಕ್ ಮೊದಲಾದವೇ ಕಣ್ಣು. ಪ್ರತಿ ಅಳತೆಯಲ್ಲೂ ಬೆರೆತಿರುವ ಗದ್ದಲವನ್ನು ಸೋಸುವುದೇ ಸಂಕೇತ ಸಂಸ್ಕರಣೆ. ತಿದ್ದುಪಡಿ ಅತಿಯಾದರೂ ತಡವಾದರೂ ಓಲಾಟ ಶುರು, ಹೊಸದಾಗಿ ಸೈಕಲ್ ಕಲಿಯುವವರ ಹಾಗೆ. ಎಂಜಿನ್ ಬಲವಿಲ್ಲದೆ ತೇಲಿಬಂದ ಪುಷ್ಪಕಕ್ಕೆ ಮತ್ತೊಮ್ಮೆ ಮೇಲೇರಿ ಬರುವ ಅವಕಾಶವೂ ಇರಲಿಲ್ಲ.

ಈ ಪಾಠಕ್ಕೆ ದೊಡ್ಡ ಪ್ರಯೋಗಾಲಯವೇ ಬೇಕಿಲ್ಲ. ಮಗ್ಗದ ಮುಂದೆ ಹತ್ತು ನಿಮಿಷ ಕುಳಿತರೂ ಸಾಕು.