ಎರೆಯ ನೆಲದಲ್ಲಿ ಟೊಮೆಟೊ

ಹಣ್ಣಿನ ತೂಕದ 100 ಪಾಲಿನಲ್ಲಿ ಸುಮಾರು 94 ಪಾಲು ನೀರೇ ಆಗಿರುವ ಟೊಮೆಟೊ ಬೆಳೆಯನ್ನು, ನೀರಿಗಾಗಿ ತಲೆತಲಾಂತರದಿಂದ ಮುಗಿಲು ನೋಡುತ್ತ ಬಂದ ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಬೆಳೆಯಹೊರಡುವವನು, ಗೊಬ್ಬರದ ಚೀಲಕ್ಕಿಂತ ಮೊದಲು ತನ್ನ ನೆಲದ ಸ್ವಭಾವವನ್ನು ಅರಿಯುವುದು ಅತ್ಯವಶ್ಯಕ. ಗಜೇಂದ್ರಗಡದ ಗುಡ್ಡಗಳ ಬುಡದ ಮಸಾರಿಯು ಉಣಿಸಿದ ನೀರನ್ನು ಬೇಗ ಬಿಟ್ಟುಕೊಡುತ್ತದೆ. ನರಗುಂದದ ಕಡೆಯ ಆಳವಾದ ಎರೆಯಾದರೋ ನೀರನ್ನು ಬಹುಕಾಲ ಹಿಡಿದಿಟ್ಟು, ಒಣಗಿದಾಗ ಗಟ್ಟಿಯಾಗಿ ಬಾಯಿಬಿಡುತ್ತದೆ.

ಈ ಎರೆಯಲ್ಲಿ ಸುಣ್ಣದ ಹರಳುಗಳು ಹೇರಳವಾಗಿವೆ. ಹೀಗಿದ್ದರೂ ಅದೇ ಹೊಲದ ಟೊಮೆಟೊ ಕಾಯಿಯ ತುದಿ ಕಪ್ಪಾಗಿ ಒಳಗುಸಿಯುವುದುಂಟು. ಶಾಸ್ತ್ರಜ್ಞರು ಅದಕ್ಕೆ ಕಾಯಿಯಲ್ಲಿನ ಸುಣ್ಣದ ಕೊರತೆಯೇ ಕಾರಣವೆನ್ನುತ್ತಾರೆ. ನೆಲದಲ್ಲಿ ಸಮೃದ್ಧವಾದುದು ಕಾಯಿಯಲ್ಲಿ ಅಭಾವವಾದುದು ಹೇಗೆ? ಬೇರು ಹೀರಿದ ಸುಣ್ಣದಂಶವು ನೀರಿನೊಡನೆ ಮಾತ್ರ ಮೇಲೇರತಕ್ಕದ್ದು. ಆ ನೀರಾದರೂ ಆವಿಯನ್ನು ಹೆಚ್ಚು ಬಿಡುವ ಎಲೆಗಳತ್ತಲೇ ಹರಿಯುವುದರಿಂದ ಕಾಯಿಯ ಪಾಲಿಗೆ ಬರುವುದು ಅತ್ಯಲ್ಪ. ಹತ್ತು ಹನ್ನೆರಡು ದಿನ ಒಣಗಿಸಿ ಒಮ್ಮೆಲೇ ಮಡಿ ತುಂಬಿಸಿದರೆ ಆ ಅಲ್ಪವೂ ತಪ್ಪಿಹೋಗುತ್ತದೆ. ಅಷ್ಟೇ ಅಲ್ಲದೆ, ಹಠಾತ್ತಾಗಿ ನೀರು ನುಗ್ಗಿದ ಹಣ್ಣಿನ ಸಿಪ್ಪೆ ಬಿರಿಯುತ್ತದೆ. ಯೂರಿಯಾ ಹೆಚ್ಚಾದಲ್ಲಿ ಎಲೆಗಳು ಸೊಕ್ಕಿ ಬೆಳೆದು ಈ ಪಾಲನ್ನು ಇನ್ನಷ್ಟು ಕಸಿದುಕೊಳ್ಳುವುವು. ಗಿಡದ ಕಡುಹಸುರನ್ನು ಕಂಡು ರೈತನು ಹಿಗ್ಗುತ್ತಿರುವಾಗಲೇ ಹೂವು ತಡವಾಗಿ, ಹಣ್ಣು ಮೆತ್ತಗಾಗಿ, ಪೇಟೆ ಮುಟ್ಟುವಷ್ಟರಲ್ಲಿ ಕೆಡತೊಡಗುವುದನ್ನು ನೆನೆದರೆ ಮನಸ್ಸು ನೋಯುತ್ತದೆ.

ನಮ್ಮ ಜನ ಸರಕಾರಿ ಗೊಬ್ಬರವೆಂದು ಕರೆಯುವ ಈ ರಾಸಾಯನಿಕಗಳು ತ್ಯಾಜ್ಯವೆಂದು ನಾನು ಹೇಳುತ್ತಿಲ್ಲ. ಯೂರಿಯಾದಲ್ಲಿ ನೂರಕ್ಕೆ 46 ಪಾಲಿರುವ ಸಾರಜನಕವನ್ನು ಕಂತುಕಂತಾಗಿ ಕೊಟ್ಟರೆ ಗಿಡಕ್ಕೆ ಹಿತ. ರಂಜಕವನ್ನು ಎರೆಯ ಸುಣ್ಣವು ಕಟ್ಟಿಹಾಕುವುದರಿಂದ, ಅದನ್ನು ಹೊಲದ ತುಂಬ ಚೆಲ್ಲದೆ ಅಗಿ ನಾಟುವಾಗ ಬೇರಿನ ಹತ್ತಿರ ಕೊಡುವುದು ಲೇಸು. ಪೊಟ್ಯಾಷ್ ಹಣ್ಣಿನ ಬಣ್ಣಕ್ಕೂ ಹುಳಿಗೂ ಕಾರಣವಾದುದು. ಆದರೆ ಬೇಸಿಗೆಯ ಉಷ್ಣವು 30 ಡಿಗ್ರಿ ಮೀರಿದಾಗ ಕೆಂಪು ವರ್ಣದ್ರವ್ಯದ ಉತ್ಪತ್ತಿಯೇ ಕುಂದುವುದರಿಂದ, ಹಳದಿಯಾಗಿಯೇ ಉಳಿದ ಹಣ್ಣನ್ನು ಯಾವ ಗೊಬ್ಬರವೂ ಕೆಂಪಾಗಿಸಲಾರದು.

ನೀರು ಹೆಚ್ಚಾದರೂ ಕೇಡೇ. ನವಿಲುತೀರ್ಥದ ಜಲಾಶಯದಿಂದ ಮಲಪ್ರಭೆಯ ಕಾಲುವೆ ಬಂದ ಮೇಲೆ, ಬಸಿಗಾಲುವೆಯಿಲ್ಲದ ಎರೆಹೊಲಗಳು ಅನೇಕ ಕಡೆ ಸವಳು-ಜವಳಾದುವು. ಈ ನೀರಾವರಿಗಾಗಿ ಹೇರಿದ ಅಭಿವೃದ್ಧಿ ಕರದ ವಿರುದ್ಧ 1980ರ ಜುಲೈ 21ರಂದು ಸಿಡಿದೆದ್ದ ನರಗುಂದದ ರೈತರಿಗೆ ನೀರಿನ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಉಪ್ಪಿನಂಶ ತುಸುವಿದ್ದಲ್ಲಿ, ಅಥವಾ ಹಣ್ಣಾಗುವ ಹೊತ್ತಿಗೆ ನೀರನ್ನು ಸ್ವಲ್ಪ ಕಡಿಮೆಗೊಳಿಸಿದಲ್ಲಿ, ಹಣ್ಣು ಚಿಕ್ಕದಾದರೂ ರುಚಿ ಸಾಂದ್ರವಾಗುತ್ತದೆ. ಉಪ್ಪು ಮಿತಿ ಮೀರಿದರೆ ಇಳುವರಿಯೇ ಕುಸಿಯುತ್ತದೆ. ಇಂಥಲ್ಲಿ ಹನಿ ನೀರಾವರಿಯೇ ಶ್ರೇಷ್ಠವೆಂದು ನನ್ನ ಅಭಿಪ್ರಾಯ. ಬೇರಿನ ಸುತ್ತಲಿನ ತೇವವನ್ನು ಏರುಪೇರಿಲ್ಲದೆ ಕಾಯುವುದರ ಜೊತೆಗೆ, ಗೊಬ್ಬರವನ್ನೂ ಅದೇ ನೀರಿನಲ್ಲಿ ಕರಗಿಸಿ ಸ್ವಲ್ಪಸ್ವಲ್ಪವಾಗಿ ಉಣಿಸಲು ಅದರಿಂದ ಸಾಧ್ಯ. ಅದು ಕೈಗೆಟುಕದವರು ಬೋದಿನ ಮೇಲೆ ನಾಟಿ, ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಹಾಕಿ, ನೆಲ ಬಿರಿಯುವ ಮುನ್ನವೇ ತೆಳುವಾಗಿ ನೀರು ಹಾಯಿಸಲಿ.

ಗದಗದ ಸಮೀಪದ ಹುಲಕೋಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಈ ಸಲ ಅಗಿ ತರುವ ಮೊದಲು ಹೊಲದ ಮಣ್ಣನ್ನೂ ಕೊಳವೆಬಾವಿಯ ನೀರನ್ನೂ ಪರೀಕ್ಷೆ ಮಾಡಿಸುವ ಬಗೆಯನ್ನು ದಯವಿಟ್ಟು ಅಲ್ಲಿ ವಿಚಾರಿಸಿರಿ.